ಸಮುದ್ರಕ್ಕೆ ಮೊದಲೇ ತೆರೆದ ಬಾಗಿಲು

2013ರ ಅಕ್ಟೋಬರ್ 3ರಂದು ಇಟಲಿಯ ದಕ್ಷಿಣದ ಲಾಂಪೆಡೂಸಾ ದ್ವೀಪದ ಸಮೀಪದಲ್ಲಿ, ದಡವು ಇನ್ನೇನು ಕೈಗೆಟುಕಿತೆನ್ನುವಾಗ, ದೋಣಿಯೊಂದಕ್ಕೆ ಬೆಂಕಿ ಹತ್ತಿ ಅದು ಮಗುಚಿ, 368 ಮಂದಿ ಅಸುನೀಗಿದರು. ಸಾಲಾಗಿ ಇರಿಸಿದ ಶವಪೆಟ್ಟಿಗೆಗಳ ಮುಂದೆ ಯೂರೋಪಿನ ಅಧಿಕಾರಸ್ಥರು ತಲೆಬಾಗಿ ನಿಂತರು. ಇಟಲಿಯ ಕೆಲವು ಕ್ರೈಸ್ತ ಸಮುದಾಯಗಳಾದರೋ ಶೋಕದೊಡನೆ ಪ್ರಶ್ನೆಯೊಂದನ್ನೂ ಎತ್ತಿಕೊಂಡವು: ಬದುಕಲೆಂದು ಹೊರಟ ಈ ಜನ ಸಮುದ್ರಕ್ಕೆ ಇಳಿಯಲೇಬೇಕಾಗಿ ಬಂದುದು ಏತಕ್ಕೆ? ಆಶ್ರಯವನ್ನು ಬೇಡುವ ಹಕ್ಕು ನಿರಾಶ್ರಿತನಿಗುಂಟು. ಆದರೆ ಆ ಹಕ್ಕನ್ನು ಚಲಾಯಿಸುವುದಕ್ಕೆ ಆತ ಮೊದಲು ಯೂರೋಪಿನ ನೆಲದ ಮೇಲೆ ಕಾಲಿಡಬೇಕು. ಕಾಲಿಡುವುದಕ್ಕೆ ನ್ಯಾಯಸಮ್ಮತವಾದ ಮಾರ್ಗವು ಮಾತ್ರ ಆತನಿಗಿಲ್ಲ. ಈ ವಿಪರ್ಯಾಸದ ಲಾಭವನ್ನು ಉಣ್ಣುತ್ತಿದ್ದವರು ದೋಣಿಯ ದಲ್ಲಾಳಿಗಳು.

ಆ ಪ್ರಶ್ನೆಯ ಫಲವಾಗಿ ಹುಟ್ಟಿದುದು 'ಮಾನವೀಯ ಕಾರಿಡಾರ್' ಎಂಬ ಯೋಜನೆ. ರೋಮ್ ನಗರದಲ್ಲಿ 1968ರಲ್ಲಿ ಆಂದ್ರೇಯಾ ರಿಕ್ಕಾರ್ದಿಯವರು ಸ್ಥಾಪಿಸಿದ ಸಾಂತ್ ಎಜಿದಿಯೊ ಎಂಬ ಕೆಥೋಲಿಕ್ ಸಮುದಾಯ, ಇಟಲಿಯ ಪ್ರಾಟೆಸ್ಟಂಟ್ ಸಭೆಗಳ ಒಕ್ಕೂಟ, ವಾಲ್ಡೆನ್ಸಿಯನ್ನರೆಂಬ ಹಳೆಯ ಪ್ರಾಟೆಸ್ಟಂಟ್ ಪಂಥದ ಸಭೆ, ಈ ಮೂರೂ ಕೂಡಿ 2015ರ ಡಿಸೆಂಬರ್‌ನಲ್ಲಿ ಇಟಲಿಯ ವಿದೇಶಾಂಗ ಮತ್ತು ಗೃಹ ಮಂತ್ರಾಲಯಗಳೊಡನೆ ಒಂದು ಒಡಂಬಡಿಕೆ ಮಾಡಿಕೊಂಡವು. ಹೊಸ ಕಾನೂನೊಂದನ್ನು ಅವರು ಕೇಳಲಿಲ್ಲ. ಯೂರೋಪಿನ ವೀಸಾ ಸಂಹಿತೆಯ 25ನೆಯ ವಿಧಿಯು, ಮಾನವೀಯ ಕಾರಣಗಳಿಗಾಗಿ ಒಂದು ದೇಶವು ತನ್ನ ಎಲ್ಲೆಗೆ ಮಾತ್ರ ಸೀಮಿತವಾದ ವೀಸಾ ನೀಡಬಹುದೆಂದು ಮೊದಲೇ ಹೇಳಿತ್ತು. ಇದ್ದ ಆ ವಿಧಿಯನ್ನೇ ಅವರು ಸರ್ಕಾರದ ಮುಂದಿಟ್ಟರು. ಎರಡು ವರ್ಷಗಳಲ್ಲಿ 1,000 ಮಂದಿಗೆ ಪ್ರವೇಶವೆಂದು ನಿಶ್ಚಯವಾಯಿತು. 2016ರ ಫೆಬ್ರವರಿ ಮೊದಲ ವಾರದಲ್ಲಿ, ಕಣ್ಣಿನ ಅರ್ಬುದದಿಂದ ನರಳುತ್ತಿದ್ದ ಮಗುವೊಂದಿದ್ದ ಸಿರಿಯಾದ ಕುಟುಂಬವು ಬೇರೂತಿನಿಂದ ವಿಮಾನದಲ್ಲಿ ರೋಮ್‌ಗೆ ಬಂದಿಳಿಯಿತು. ಅದೇ ತಿಂಗಳ ಕೊನೆಗೆ ಇನ್ನೂ 93 ಮಂದಿ ಬಂದರು.

ಅವರು ಹೊರಟುಬಂದ ಬೇರೂತಿರುವ ಲೆಬನಾನ್ ನಮ್ಮ ಉತ್ತರ ಕನ್ನಡ ಜಿಲ್ಲೆಯಷ್ಟೇ ವಿಸ್ತೀರ್ಣದ ದೇಶ. 2011ರಲ್ಲಿ ಸಿರಿಯಾದ ಅಂತರ್ಯುದ್ಧ ಮೊದಲಾದ ಮೇಲೆ ಅಲ್ಲಿಗೆ ಓಡಿಬಂದವರಲ್ಲಿ, ವಿಶ್ವಸಂಸ್ಥೆಯ ದಾಖಲೆಗೆ ಸೇರಿದವರ ಸಂಖ್ಯೆಯೇ 2014ರ ಏಪ್ರಿಲ್ ವೇಳೆಗೆ ಹತ್ತು ಲಕ್ಷವನ್ನು ದಾಟಿತ್ತು. ಅಲ್ಲಿನ ಸರ್ಕಾರವು ಅವರಿಗೆ ಅಧಿಕೃತ ಶಿಬಿರಗಳನ್ನು ಕಟ್ಟಲಿಲ್ಲ. ಹೊಲಗಳಲ್ಲಿ ಮರದ ಕಂಬ ನೆಟ್ಟು ಪ್ಲಾಸ್ಟಿಕ್ ಹೊದಿಸಿದ ಬಿಡಾರಗಳಿಗೂ ಅವರು ಬಾಡಿಗೆ ತೆರಬೇಕಾಗಿತ್ತು. ಉತ್ತರದ ಅಕ್ಕಾರ್ ಸೀಮೆಯ ತೆಲ್ ಅಬ್ಬಾಸ್‌ನಲ್ಲಿ 'ಓಪರಾಜಿಯೋನೆ ಕೊಲೊಂಬಾ' ಎಂಬ ಕೆಥೋಲಿಕ್ ಸ್ವಯಂಸೇವಕರ ತಂಡದ ತರುಣರು ತಾವೂ ಅಂಥದೊಂದು ಬಿಡಾರದಲ್ಲಿ, ಅದೇ ಕೆಸರಿನಲ್ಲಿ, ಅದೇ ಚಳಿಯಲ್ಲಿ ನಿರಾಶ್ರಿತರ ನೆರೆಯವರಾಗಿ ಬಾಳಿದರು. ಯಾರಿಗೆ ಔಷಧಿ ದೊರೆಯದು, ಯಾವ ವಿಧವೆಗೆ ಬಾಡಿಗೆಯ ಹಣವಿಲ್ಲ ಎಂಬುದನ್ನು ಅವರು ಕಣ್ಣಾರೆ ಕಂಡು ಅರಿತರು; ಕಾರಿಡಾರ್‌ನ ಆಯ್ಕೆಗೆ ಈ ಅರಿವು ನೆರವಾಯಿತು. ದಯೆಯು ದೂರದಿಂದ ಕಳುಹಿಸಿದ ಕಂಬಳಿಯಲ್ಲಿ ಮುಗಿಯದೆ, ಸಹವಾಸದ ಮಟ್ಟಕ್ಕೆ ಏರಿದ ಈ ಬಗೆಯನ್ನು ನಾನು ಎಲ್ಲಕ್ಕಿಂತ ಮಿಗಿಲೆಂದು ಗೌರವಿಸುತ್ತೇನೆ.

ಕ್ರೈಸ್ತ ಸಂಸ್ಥೆಗಳ ಸೇವೆಯೆಂದೊಡನೆ ಮತಾಂತರದ ಶಂಕೆ ನಮ್ಮಲ್ಲಿ ಅನೇಕರಿಗೆ ಮೂಡುವುದುಂಟು. ಶಂಕಿಸುವವರು ಇಲ್ಲಿನ ವ್ಯವಸ್ಥೆಯನ್ನು ಚೆನ್ನಾಗಿ ಪರಿಶೀಲಿಸಲಿ. ಆಯ್ಕೆಗೆ ಆಧಾರವಾದುದು ಮತವಲ್ಲ, ದುರ್ಬಲತೆ: ರೋಗಿಗಳು, ಒಂಟಿ ತಾಯಂದಿರು, ಎಳೆಯ ಮಕ್ಕಳಿರುವ ಕುಟುಂಬಗಳು, ಚಿತ್ರಹಿಂಸೆಗೆ ಈಡಾದವರು. ಹೀಗೆ ಬಂದವರಲ್ಲಿ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ, ಹೆಚ್ಚಿನವರು ಮುಸ್ಲಿಮರು. 2016ರ ಏಪ್ರಿಲ್‌ನಲ್ಲಿ ಪೋಪ್ ಫ್ರಾನ್ಸಿಸ್ ಅವರು ಲೆಸ್ಬೊಸ್ ದ್ವೀಪದಿಂದ ತಮ್ಮ ವಿಮಾನದಲ್ಲೇ ಕರೆತಂದ 12 ಮಂದಿಯೂ ಮುಸ್ಲಿಮರೇ. ಅವರ ಆರೈಕೆಯನ್ನು ವಹಿಸಿಕೊಂಡುದು ಇದೇ ಸಾಂತ್ ಎಜಿದಿಯೊ.

ಈ ಯೋಜನೆಯ ಹಣದ ಮೂಲವೂ ಅಷ್ಟೇ ವಿಚಾರಾರ್ಹವಾದುದು. ಇಟಲಿಯಲ್ಲಿ ತೆರಿಗೆದಾರನು ಆದಾಯ ತೆರಿಗೆಯ ಸಾವಿರಕ್ಕೆ ಎಂಟು ಪಾಲು ಸರ್ಕಾರಕ್ಕೋ ಯಾವುದಾದರೊಂದು ಧರ್ಮಸಭೆಗೋ ಸಲ್ಲಲೆಂದು ಸೂಚಿಸಬಹುದು. ವಾಲ್ಡೆನ್ಸಿಯನ್ನರು ತಮಗೆ ಬಂದ ಪಾಲಿನಲ್ಲಿ ಒಂದು ಕಾಸನ್ನೂ ಪಾದ್ರಿಗಳ ಸಂಬಳಕ್ಕಾಗಲಿ ಪೂಜಾಮಂದಿರಕ್ಕಾಗಲಿ ಬಳಸದೆ, ಸಮಾಜಸೇವೆಗೂ ಸಂಸ್ಕೃತಿಗೂ ವಿನಿಯೋಗಿಸುವ ನಿಯಮವನ್ನಿಟ್ಟುಕೊಂಡಿದ್ದಾರೆ. ಅದಕ್ಕಾಗಿಯೇ ಇರಬೇಕು, ಆ ಪುಟ್ಟ ಸಭೆಯ ಸದಸ್ಯರಿಗಿಂತ ಎಷ್ಟೋ ಪಟ್ಟು ಹೆಚ್ಚು ಜನ, ಅದರ ನಂಬಿಕೆಗೆ ಸೇರದವರು, ತಮ್ಮ ಪಾಲನ್ನು ಅದಕ್ಕೆ ಬರೆದುಕೊಡುತ್ತಾರೆ. ಬಂದವರ ವಿಮಾನದ ವೆಚ್ಚ, ಮನೆ, ಭಾಷಾಬೋಧನೆ, ವಕೀಲರ ನೆರವು, ಇವೆಲ್ಲವೂ ಸಂಸ್ಥೆಗಳದೇ ಹೊಣೆ. ಸುರಕ್ಷತೆಯ ತಪಾಸಣೆಯು ಸರ್ಕಾರದ್ದು. ಹೊರಡುವ ಮುನ್ನವೇ ಪ್ರತಿಯೊಬ್ಬರ ಬೆರಳಚ್ಚನ್ನು ಪಡೆದು ಪರೀಕ್ಷಿಸಲಾಗುತ್ತದೆ. ಅಪರಿಚಿತರ ಭಯದಿಂದ ಗಡಿಯನ್ನು ಮುಚ್ಚಬೇಕೆನ್ನುವವರಿಗೆ ಇದಕ್ಕಿಂತ ಸಮಾಧಾನಕರವಾದ ವ್ಯವಸ್ಥೆ ಯಾವುದಿದ್ದೀತು?

ಆಕ್ಷೇಪಗಳಿಲ್ಲದಿಲ್ಲ. ಹತ್ತು ಲಕ್ಷದ ಮುಂದೆ ಸಾವಿರವೆಂಬುದು ಎಷ್ಟರದು ಎನ್ನುತ್ತಾರೆ. ಆ ಮಾತು ನಿಜವೇ. ಒಂದು ಬಿಡಾರದ ಕುಟುಂಬಕ್ಕೆ ಹೌದೆಂದು, ಪಕ್ಕದ ಬಿಡಾರಕ್ಕೆ ಇಲ್ಲವೆಂದು ಹೇಳಬೇಕಾದವರ ಸಂಕಟವು ಅದಕ್ಕಿಂತಲೂ ನಿಜ. ನನ್ನ ಮುಖ್ಯವಾದ ಭಯ ಬೇರೆ: ಸರ್ಕಾರಗಳು ಈ ಸಾವಿರವನ್ನು ತೋರಿಸಿ ಮಿಕ್ಕ ಬಾಗಿಲುಗಳನ್ನು ಮುಚ್ಚಿಬಿಡಬಹುದು. ಈ ಸಮುದಾಯಗಳು ಸರ್ಕಾರದ ಭಾರವನ್ನು ಹೊತ್ತುಕೊಂಡುದು ಆ ಭಾರವನ್ನು ಹೊರಬಹುದೆಂದು ತೋರಿಸುವುದಕ್ಕೇ ಹೊರತು, ಸರ್ಕಾರವನ್ನು ಋಣಮುಕ್ತಗೊಳಿಸುವುದಕ್ಕಲ್ಲ. ಫ್ರಾನ್ಸ್, ಬೆಲ್ಜಿಯಂ ದೇಶಗಳು 2017ರಲ್ಲಿ ಇಂಥ ಒಡಂಬಡಿಕೆಗೆ ಒಪ್ಪಿದುವು. 2019ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯು ಯೂರೋಪ್ ವಿಭಾಗದ ನಾನ್ಸೆನ್ ಪುರಸ್ಕಾರವನ್ನು ಈ ಯೋಜನೆಗೆ ನೀಡಿತು. ಪುರಸ್ಕಾರವು ಸಂದುದು ಸಂತೋಷ. ವೀಸಾಗಳ ಸಂಖ್ಯೆ ಹತ್ತುಮಡಿಯಾಗಿದ್ದರೆ ಇನ್ನೂ ಸಂತೋಷವಾಗುತ್ತಿತ್ತು.

2024ರ ಡಿಸೆಂಬರ್‌ನಲ್ಲಿ ಸಿರಿಯಾದಲ್ಲಿ ಅಸ್ಸಾದ್ ಆಳ್ವಿಕೆಯು ಕುಸಿದ ಮೇಲೆ, ಸಿರಿಯನ್ನರೆಲ್ಲ ಇನ್ನು ಹಿಂದಿರುಗಲಿ ಎಂಬ ಮಾತು ಯೂರೋಪಿನಲ್ಲಿ ಬಲವಾಗಿ ಕೇಳಿಬರುತ್ತಿದೆ. ಹಿಂದಿರುಗುವವರು ಹಿಂದಿರುಗುತ್ತಲೇ ಇದ್ದಾರೆ. ಆದರೆ ಹೋಮ್ಸ್, ಅಲೆಪ್ಪೊಗಳಲ್ಲಿ ಬೀದಿಗೆ ಬೀದಿಯೇ ನೆಲಸಮವಾಗಿರುವಾಗ, ಕಾಯಿಲೆಯ ಮಗುವಿನ ತಾಯಿಗೆ ಹೊರಡುವ ದಿನವನ್ನು ಬೇರೆಯವರು ಗೊತ್ತುಮಾಡುವುದು ಸಲ್ಲದು. ಇದನ್ನು ವಾಲ್ಡೆನ್ಸಿಯನ್ನರ ಇತಿಹಾಸವೂ ಹೇಳುತ್ತದೆ. ಅವರ ಪೂರ್ವಜರನ್ನು ಅವರ ಕಣಿವೆಗಳಿಂದ ಸವಾಯ್ ದೊರೆಯು ಮತದ್ವೇಷದಿಂದ ಹೊರಗಟ್ಟಿದಾಗ, ಸೆರೆಯಲ್ಲಿ ಸಾಯದೆ ಉಳಿದವರು 1687ರ ಚಳಿಗಾಲದಲ್ಲಿ ಆಲ್ಪ್ಸ್ ಪರ್ವತಗಳನ್ನು ನಡೆದು ದಾಟಿ ಜಿನೀವಾ ತಲುಪಿದ್ದರು. ಆ ಊರಿನವರು ಅವರಿಗೆ ಮನೆಗಳನ್ನು ತೆರೆದರು. 1689ರಲ್ಲಿ ಅವರು ತಮ್ಮ ಕಣಿವೆಗಳಿಗೆ ಮರಳಿದುದು ತಾವೇ ನಿಶ್ಚಯಿಸಿ, ತಮ್ಮ ಕಾಲಮೇಲೆ ನಡೆದು.