ಕಾರವಾರದಿಂದ ದಾಂಡೇಲಿ: ಒಂದು ದಿನದ ಪ್ರವಾಸದ ತಪ್ಪು ಲೆಕ್ಕ



ಕಾರವಾರದಲ್ಲೋ ಗೋವೆಯಲ್ಲೋ ತಂಗಿರುವವರಿಗೆ ಇತ್ತೀಚಿನ ವರ್ಷಗಳಲ್ಲಿ ಮಾರಲಾಗುತ್ತಿರುವ ಒಂದು ದಿನದ ಪ್ರವಾಸ, ಅಂದರೆ ಬೆಳಿಗ್ಗೆ ಕಡಲತೀರದಿಂದ ಹೊರಟು ಘಟ್ಟವೇರಿ ದಾಂಡೇಲಿಯನ್ನು ಕಂಡು ರಾತ್ರಿಯೊಳಗೆ ಮರಳುವ ಏರ್ಪಾಡು, ನಕ್ಷೆಯ ಮೇಲೆ ಸಲೀಸಾಗಿ ಕಂಡರೂ ಆ ಪ್ರದೇಶದ ನದಿಗೂ ಕಾಡಿಗೂ ಹೊಂದಿಕೆಯಾಗುವಂಥದ್ದಲ್ಲ. ಜೊಯಿಡಾ, ದಾಂಡೇಲಿ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳನ್ನು ಬಂದರು ಪಟ್ಟಣದ ಬಾಲಂಗೋಚಿಯಂತೆ ಕಾಣುವ ಈ ಪದ್ಧತಿಯನ್ನು ಪ್ರವಾಸೋದ್ಯಮ ಇಲಾಖೆ ಇನ್ನಾದರೂ ಮರುಪರಿಶೀಲಿಸುವುದು ಅಗತ್ಯ.

ಕಾರವಾರದಿಂದ ಕದ್ರಾ, ಅಣಶಿ, ಜೊಯಿಡಾ ಮಾರ್ಗವಾಗಿ ದಾಂಡೇಲಿಗೆ ಸುಮಾರು 100 ಕಿಲೋಮೀಟರ್ ದಾರಿಯಿದ್ದು, ಅದರ ದೊಡ್ಡ ಪಾಲು ಘಟ್ಟದ ತಿರುವುಗಳಲ್ಲೂ ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲೂ ಸಾಗುತ್ತದೆ. 1956ರಲ್ಲಿ ಘೋಷಣೆಯಾದ ದಾಂಡೇಲಿ ವನ್ಯಜೀವಿಧಾಮವನ್ನೂ ಅಣಶಿ ರಾಷ್ಟ್ರೀಯ ಉದ್ಯಾನವನ್ನೂ ಕೂಡಿಸಿ 2007ರಲ್ಲಿ ರಚಿಸಿದ ಈ ರಕ್ಷಿತಾರಣ್ಯಕ್ಕೆ 2015ರಲ್ಲಿ ನದಿಯ ಹೆಸರನ್ನೇ ಇಡಲಾಯಿತು. ಜೊಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟಿ 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಸಮುದ್ರ ಸೇರುವ ಕಾಳಿ, ಕಡಲತೀರವನ್ನೂ ಒಳನಾಡನ್ನೂ ಬೆಸೆಯುವುದು ನಿಜವಾದರೂ, ನದಿ ಇಳಿದ ದಾರಿಯನ್ನು ವಾಹನವೊಂದು ಒಂದೇ ಹಗಲಿನಲ್ಲಿ ಹತ್ತಿ ಇಳಿದು ನಡುವೆ ನಾಲ್ಕು ಸ್ಥಳ ತೋರಿಸಬಲ್ಲದೆಂಬ ನಂಬಿಕೆಗೆ ಅದು ಆಧಾರವಾಗದು.

ಪ್ರವಾಸಿಗರ ಮುಖ್ಯ ಆಕರ್ಷಣೆಯಾದ ರ‍್ಯಾಫ್ಟಿಂಗ್, ಅಂದರೆ ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಹುಟ್ಟು ಹಾಕುತ್ತ ರಭಸದ ನೀರಿನಲ್ಲಿ ಸಾಗುವ ಜಲಕ್ರೀಡೆ, ನಡೆಯುವುದು ಗಣೇಶಗುಡಿಯ ಸೂಪಾ ಅಣೆಕಟ್ಟಿನ ಕೆಳಭಾಗದಲ್ಲಿ. 101 ಮೀಟರ್ ಎತ್ತರದ ಈ ಅಣೆಕಟ್ಟಿನ ಬುಡದ ವಿದ್ಯುದಾಗಾರದಲ್ಲಿ 50 ಮೆಗಾವ್ಯಾಟ್ ಸಾಮರ್ಥ್ಯದ ಎರಡು ಘಟಕಗಳಿದ್ದು, ಅವು ಎಷ್ಟು ಓಡುತ್ತವೆಯೋ ಅದರ ಮೇಲೆ ಹೊಳೆಯಲ್ಲಿ ನೀರಿನ ಮಟ್ಟ ನಿಲ್ಲುತ್ತದೆ. ವಿದ್ಯುತ್ತಿನ ಬೇಡಿಕೆ ಪ್ರವಾಸಿಗರ ಅನುಕೂಲ ನೋಡಿ ಏರಿಳಿಯುವುದಿಲ್ಲವಾದ್ದರಿಂದ, ನೀರು ಕಡಿಮೆಯಿದ್ದಾಗ ಬಂಡೆಗಳ ಮೇಲೆ ದೋಣಿ ಕೆರೆದುಕೊಂಡು ನಿಲ್ಲುವುದೂ, ನೀರು ಬಿಡುವವರೆಗೆ ದಡದಲ್ಲಿ ಜನ ಲೈಫ್ ಜಾಕೆಟ್ ತೊಟ್ಟು ಕಾಯುವುದೂ ಅನಿವಾರ್ಯ. ಸಂಜೆಯೊಳಗೆ ಘಟ್ಟ ಇಳಿಯಲೇಬೇಕಾದ ತಂಡ ಹೀಗೆ ಕಾಯಲಾರದು. ಆ ಅವಸರವೇ ದೋಣಿಗೆ ಮಿತಿಮೀರಿ ಜನರನ್ನು ಹತ್ತಿಸುವ ದುಡುಕಿಗೆ ದಾರಿ ಮಾಡಿಕೊಡುತ್ತದೆ. 

ಕಾಡಿನ ಸಫಾರಿಗೂ ಇದೇ ಮಾತು ಅನ್ವಯಿಸುತ್ತದೆ. ಅದಕ್ಕೆ ಬೆಳಗಿನ ಜಾವ ಮತ್ತು ಸಂಜೆ ಮಾತ್ರ ಅವಕಾಶವಿರುವುದರಿಂದ, ಕಾರವಾರದಿಂದ ಹೊರಟವರಿಗೆ ಮೊದಲನೆಯದು ಸಿಗದು. ಎರಡನೆಯದನ್ನು ಮುಗಿಸಿದರೆ ಕತ್ತಲಲ್ಲಿ ಅಣಶಿ ಘಟ್ಟ ಇಳಿಯಬೇಕು. ರಾತ್ರಿ ವೇಳೆ ರಸ್ತೆ ದಾಟುವ ಕಡವೆ, ಕಾಡುಕೋಣಗಳಿಗೆ ಇದರಿಂದಾಗುವ ಅಪಾಯ ಒಂದೆಡೆಯಾದರೆ, ಮಳೆಗಾಲದ ಗುಡ್ಡ ಕುಸಿತ ಇನ್ನೊಂದೆಡೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋದದ್ದನ್ನೂ, ಮೂರು ವಾರ ಕಳೆದು ಆಗಸ್ಟ್ 7ರಂದು ಕಾರವಾರ ಮತ್ತು ಸದಾಶಿವಗಡದ ನಡುವಿನ ಕಾಳಿ ನದಿಯ ಹಳೆಯ ಸೇತುವೆ ಮುರಿದುಬಿದ್ದದ್ದನ್ನೂ ಕಂಡ ಜಿಲ್ಲೆಯಲ್ಲಿ, ಹೋದ ದಿನವೇ ಮರಳುವ ಖಾತರಿಯನ್ನು ಯಾರೂ ಕೊಡಬಾರದು.

ಹಳಿಯಾಳ ಮತ್ತು ಮುಂಡಗೋಡಕ್ಕಂತೂ ಕಾರವಾರ ಬಾಗಿಲೇ ಅಲ್ಲ. ಹಳಿಯಾಳ ಧಾರವಾಡಕ್ಕೆ ಹತ್ತಿರ, ಮುಂಡಗೋಡ ಹುಬ್ಬಳ್ಳಿಯಿಂದ ಸುಮಾರು 50 ಕಿಲೋಮೀಟರ್. ಟಿಬೆಟಿನಿಂದ ಬಂದ ನಿರಾಶ್ರಿತರಿಗಾಗಿ 1966ರಲ್ಲಿ ಆರಂಭವಾದ ಮುಂಡಗೋಡದ ನೆಲೆಯಲ್ಲಿ ಗಾದೆನ್ ಮತ್ತು ಡ್ರೆಪುಂಗ್ ಎಂಬ ಎರಡು ಮಹಾವಿಹಾರಗಳು ಮರುಸ್ಥಾಪನೆಗೊಂಡಿದ್ದು, ಅವು ಭಿಕ್ಷುಗಳು ವರ್ಷಗಟ್ಟಲೆ ಶಾಸ್ತ್ರಾಭ್ಯಾಸ ಮಾಡುವ ವಿದ್ಯಾಪೀಠಗಳೇ ಹೊರತು ಅರ್ಧ ಗಂಟೆಯಲ್ಲಿ ಫೋಟೊ ತೆಗೆದು ಮುಗಿಸುವ ತಾಣಗಳಲ್ಲ. ಪಕ್ಕದ ಅತ್ತಿವೇರಿ ಪಕ್ಷಿಧಾಮವನ್ನೂ ಸೇರಿಸಿದರೆ ಹುಬ್ಬಳ್ಳಿಯಿಂದ ಹೊರಟವರಿಗೆ ಒಂದು ಹಗಲು ತುಂಬುತ್ತದೆ. ಹಳಿಯಾಳ, ಮುಂಡಗೋಡದ ಸುತ್ತಲಿನ ಸಿದ್ದಿ ಸಮುದಾಯವನ್ನು ಪ್ರವಾಸಪಟ್ಟಿಯ ‘ನೋಡಬೇಕಾದವು’ಗಳಲ್ಲಿ ಸೇರಿಸುವ ಅಭ್ಯಾಸವೂ ಕೆಲವರಲ್ಲಿದೆ, ಜನರನ್ನು ಹಾಗೆ ಪ್ರದರ್ಶನಕ್ಕಿಡುವುದು ಅಸಹ್ಯ.

ಸ್ವಂತ ವಾಹನವಿಲ್ಲದವರ ಪಾಡು ಬೇರೆಯೇ. ಹಳ್ಳಿಯ ಬಸ್ಸುಗಳ ವೇಳೆ ನಿಗದಿಯಾಗಿರುವುದು ಊರಿನವರು ಬೆಳಿಗ್ಗೆ ಪೇಟೆಗೆ ಹೋಗಿ ಸಂಜೆ ಮರಳುವುದಕ್ಕೆ. ಸಂಜೆ ಊರು ಸೇರಿ ರಾತ್ರಿ ಅಲ್ಲಿಯೇ ತಂಗಿ ಮುಂಜಾನೆ ಹೊರಡುವ ವಸ್ತಿ ಬಸ್ಸು ಇದಕ್ಕೆ ಒಳ್ಳೆಯ ನಿದರ್ಶನ. ಪ್ರವಾಸಿಗೆ ಬೇಕಾದದ್ದು ಇದಕ್ಕೆ ತೀರ ವಿರುದ್ಧವಾದ ವೇಳೆ. ಊರಿನವರ ಬಸ್ಸನ್ನು ಕಿತ್ತುಕೊಳ್ಳದೆ, ಬೆಳಿಗ್ಗೆ ಕಾರವಾರದಿಂದ ಜೊಯಿಡಾಕ್ಕೆ, ಧಾರವಾಡದಿಂದ ಹಳಿಯಾಳ ಮಾರ್ಗವಾಗಿ ದಾಂಡೇಲಿಗೆ, ಹುಬ್ಬಳ್ಳಿಯಿಂದ ಮುಂಡಗೋಡಕ್ಕೆ ವಾರಾಂತ್ಯದಲ್ಲಿ ಒಂದೊಂದು ವಿಶೇಷ ಬಸ್ಸನ್ನು ಓಡಿಸುವುದು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಗೆ ಅಸಾಧ್ಯವಾದ ಕೆಲಸವಲ್ಲ.

ಜೊಯಿಡಾದಲ್ಲಿ ಒಂದು ರಾತ್ರಿಯಾದರೂ ಉಳಿಯುವಂತಾದರೆ ಪ್ರವಾಸದ ಹಣ ಹೊರಗಿನ ವಾಹನದ ಬಾಡಿಗೆಗೇ ಮುಗಿಯದೆ ಸ್ಥಳೀಯರ ಹೋಂ ಸ್ಟೇಗಳಿಗೂ, ಗೆಡ್ಡೆಗೆಣಸು ಬೆಳೆಯುವ ಕುಣಬಿ ಕುಟುಂಬಗಳಿಗೂ ತಲುಪುತ್ತದೆ. ಇದೇ ತಾಲ್ಲೂಕಿನಲ್ಲಿ ಚನ್ನಬಸವಣ್ಣನ ಸಮಾಧಿಯಿರುವ ಉಳವಿಯ ಜಾತ್ರೆಗೆ ಬಯಲುಸೀಮೆಯ ರೈತರು ಇಂದಿಗೂ ಚಕ್ಕಡಿ ಕಟ್ಟಿಕೊಂಡು, ದಾರಿಯಲ್ಲಿ ಅಲ್ಲಲ್ಲಿ ಮುಕ್ಕಾಂ ಹೂಡುತ್ತ ಬರುತ್ತಾರೆ. ಅವರಷ್ಟು ಬಿಡುವು ಎಲ್ಲರಿಗೂ ಇರದಿದ್ದರೂ ಎರಡು ದಿನವನ್ನಾದರೂ ಈ ಸೀಮೆಗೆ ಮೀಸಲಿಡುವುದು ಕಷ್ಟವೇನಲ್ಲ.

ಆದ್ದರಿಂದ ಕಾರವಾರ–ದಾಂಡೇಲಿ ಒಂದು ದಿನದ ಪ್ರವಾಸಗಳನ್ನು ಇಲಾಖೆ ತನ್ನ ಪ್ರಚಾರದಲ್ಲಿ ಸೇರಿಸದಿರಲಿ; ಗಣೇಶಗುಡಿಯಲ್ಲಿ ನೀರು ಬಿಡುವ ವೇಳೆಯನ್ನು ಹಿಂದಿನ ದಿನವೇ ಸಾರ್ವಜನಿಕವಾಗಿ ತಿಳಿಸುವ ವ್ಯವಸ್ಥೆಯನ್ನು ಜಿಲ್ಲಾಡಳಿತವು ವಿದ್ಯುತ್ ನಿಗಮದೊಂದಿಗೆ ಮಾತಾಡಿ ಮುಂದಿನ ಹಂಗಾಮಿಗೆ ಮೊದಲೇ ಜಾರಿಗೆ ತರಲಿ.

— ಓದುಗರೊಬ್ಬರು, ಹಳಿಯಾಳ