ಸ್ಟಿಕ್ಕರ್ ಆಮೇಲೆ ಅಂಟಿಸಿ, ಮೊದಲು ಚೈನ್ ಒರೆಸಿ!

ನೇರವಾಗಿ ಹೇಳಿಬಿಡ್ತೀನಿ, ಬೇಜಾರು ಮಾಡ್ಕೋಬೇಡಿ. ಟಾರು ರಸ್ತೆಗೂ ಸೈ, ಮಣ್ಣು ದಾರಿಗೂ ಸೈ ಅನ್ನೋ ಡ್ಯುಯಲ್ ಸ್ಪೋರ್ಟ್ ಬೈಕ್ ಇಟ್ಟುಕೊಂಡವರು ನಾಲ್ಕು ಜನ ಸೇರಿದರೆ ಮಾತೆಲ್ಲ ಅಲಂಕಾರದ್ದೇ. ಕ್ರ್ಯಾಶ್ ಗಾರ್ಡ್ ಎಷ್ಟಾಯ್ತು, ಫಾಗ್ ಲೈಟ್ ಯಾವುದು, ಸೈಲೆನ್ಸರ್ ಎಲ್ಲಿ ಹಾಕಿಸಿದ್ರಿ... ಚೈನ್ ಯಾವಾಗ ಒರೆಸಿದ್ರಿ ಅಂತ ಕೇಳಿ ನೋಡಿ, ಎಲ್ಲರೂ ಗಪ್‌ಚುಪ್! ಗೊತ್ತಿರೋ ಒಬ್ಬಿಬ್ಬರು ಬರೆಯೋದೂ ಇಂಗ್ಲಿಷಿನಲ್ಲೇ. ನನ್ನ ತಕರಾರು ಇವೆರಡರ ಮೇಲೂ.

ಮದ್ದೂರಿನ ಕಡೆ ಈ ಬೈಕು ಬರೀ ಶೋಕಿಗಲ್ಲ ಸ್ವಾಮಿ. ನಾಲೆ ಏರಿ ಮೇಲಿನ ಧೂಳು, ಕಬ್ಬಿನ ಲೋಡು ಓಡಾಡಿ ಕಿತ್ತುಹೋದ ರಸ್ತೆ, ಮಳೆ ಬಂದರೆ ಗದ್ದೆ ಕೆಸರು. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ದಶಪಥದ ಉದ್ಘಾಟನೆ ಆಗಿದ್ದು ನಮ್ಮ ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ. ಅದೇ ವರ್ಷದ ಆಗಸ್ಟ್ 1ರಿಂದ ಬೈಕಿಗೆ ಅದರ ಮುಖ್ಯ ಪಥ ಬಂದ್! ನಮಗೆ ಸರ್ವಿಸ್ ರಸ್ತೆಯೇ ಗತಿ. ಲಡಾಖಿಗೆ ಹೋಗೋರು ವರ್ಷಕ್ಕೊಮ್ಮೆ ಪಡೋ ಪಾಡು ಇಲ್ಲಿ ಹಾಲು ಹಾಕೋಕೆ ಹೋಗೋನಿಗೆ ದಿನಾ ಇದೆ.

ಚೈನನ್ನೇ ತಗೊಳ್ಳಿ. 2019ರಲ್ಲಿ ಬಂದ ಹೀರೋ ಎಕ್ಸ್‌ಪಲ್ಸ್ 200 ಇರಬಹುದು, 2016ರಲ್ಲಿ ಬಂದ ಹಿಮಾಲಯನ್ ಇರಬಹುದು, ಇವುಗಳ ಹಿಂದಿನ ಚಕ್ರ ಮಾಮೂಲಿ ಬೈಕಿಗಿಂತ ಜಾಸ್ತಿ ಮೇಲೆ ಕೆಳಗೆ ಆಡುತ್ತೆ. ಚಕ್ರ ಮೇಲೆ ಹೋದಂತೆ ಚೈನ್ ಬಿಗಿಯಾಗುತ್ತೆ. ಸ್ಟ್ಯಾಂಡ್ ಹಾಕಿದಾಗ ಸ್ವಲ್ಪ ಜೋತುಬಿದ್ದಂತೆ ಕಾಣೋದು ಅದಕ್ಕೇ. 'ಲೂಸಾಗಿದೆ' ಅಂತ ಬಿಗಿ ಮಾಡಿಸಿದರೆ, ಗುಂಡಿಗೆ ಕುಕ್ಕಿದಾಗ ಪೆಟ್ಟು ಬೀಳೋದು ಗೇರ್‌ಬಾಕ್ಸಿನ ಬೇರಿಂಗಿಗೆ. ಎಷ್ಟು ಸಡಿಲ ಇರಬೇಕು ಅಂತ ಕೈಪಿಡಿಯಲ್ಲಿದೆ, ಅಳತೆಪಟ್ಟಿ ಹಿಡಿದು ನೋಡಿ. ಸೀಲ್ ಇರೋ ಚೈನಿಗೆ ಕಬ್ಬಿಣದ ಬ್ರಷ್ ಹಾಕಿ ಉಜ್ಜಬೇಡಿ, ಒಳಗಿನ ರಬ್ಬರ್ ರಿಂಗು ಹರಿದರೆ ಚೈನಿನ ಕಥೆ ಮುಗೀತು.

ಏರ್ ಫಿಲ್ಟರ್ ಸ್ಪಂಜಿನದಾದರೆ ತೊಳೆದು, ಒಣಗಿಸಿ, ಎಣ್ಣೆ ಹಾಕಿ ಕೂರಿಸಬಹುದು. ಕಾಗದದ್ದನ್ನು ತೊಳೆಯೋ ಹಾಗಿಲ್ಲ, ಬದಲಾಯಿಸಲೇಬೇಕು. ತಂತಿ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಸ್ಪ್ಯಾನರಿನಿಂದ ತಟ್ಟಿ ನೋಡಿ. ಬಿಗಿ ಇದ್ದದ್ದು 'ಟಿಣ್' ಅನ್ನುತ್ತೆ, ಸಡಿಲ ಇದ್ದದ್ದು 'ಟೊಕ್' ಅನ್ನುತ್ತೆ. ಇಷ್ಟಕ್ಕೆ ಒಂದು ಪೈಸೆ ಖರ್ಚಿಲ್ಲ. ಆದರೆ ಇದರ ಫೋಟೋ ತೆಗೆದರೆ ಯಾರೂ 'ಸೂಪರ್ ಮಗಾ' ಅನ್ನೋದಿಲ್ಲವಲ್ಲ :-)

ಹಾಗಂತ ಏನೂ ಬದಲಾಯಿಸಲೇಬೇಡಿ ಅಂತಲ್ಲ. ಕೈಗೆ ಹ್ಯಾಂಡ್ ಗಾರ್ಡ್, ಎಂಜಿನ್ ಕೆಳಗೆ ತಗಡಿನ ರಕ್ಷಣೆ - ಇವಕ್ಕೆ ಅರ್ಥ ಇದೆ. ಹ್ಯಾಂಡಲ್ ಎತ್ತರ ಮಾಡಿಸಿದಿರಾ? ಎಂಜಿನ್ ಓಡ್ತಿರುವಾಗ ನ್ಯೂಟ್ರಲ್ಲಿನಲ್ಲಿಟ್ಟು ಹ್ಯಾಂಡಲನ್ನು ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ. ಸದ್ದು ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೀತಿದೆ ಅಂತ ಅರ್ಥ. ತಿರುವಿನಲ್ಲಿ ತಾನಾಗಿ ರೇಸ್ ಆದರೆ ನೀವು ಸೀದಾ ನಾಲೆಗೆ! ರಿಲೇ, ಫ್ಯೂಸ್ ಇಲ್ಲದೆ ಬ್ಯಾಟರಿಯಿಂದ ನೇರ ಲೈಟಿಗೆ ವೈರ್ ಎಳೆಸೋದೂ ಅಷ್ಟೇ ಅಪಾಯ. ಇನ್ನು ಢಂ ಢಂ ಸೈಲೆನ್ಸರ್... ಅದರಿಂದ ಊರಿನ ಮುದುಕರ ನಿದ್ದೆ ಕೆಡೋದು ಬಿಟ್ಟರೆ ಕೆಸರಲ್ಲಿ ಬೈಕು ಒಂದಿಂಚೂ ಮುಂದೆ ಹೋಗಲ್ಲ. ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನ ಬದಲಾಯಿಸುವಂತಿಲ್ಲ ಅಂತ, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮುಂದಿಟ್ಟು ಸುಪ್ರೀಂ ಕೋರ್ಟೇ 2019ರ ಜನವರಿಯಲ್ಲಿ ಹೇಳಿದೆ.

ಈಗ ಎರಡನೇ ತಕರಾರು. 'ಇದನ್ನೆಲ್ಲ ಕನ್ನಡದಲ್ಲಿ ಬರೆಯೋಕೆ ಪದಗಳೆಲ್ಲಿವೆ?' ಅಂತಾರೆ. ಒಂದು ದಿನ ಯಾವುದಾದರೂ ಗ್ಯಾರೇಜಿನ ಮುಂದೆ ಕೂತು ಕೇಳಿ. 'ಕ್ಲಚ್ ಪ್ಲೇಟ್ ಸವ್ದೋಗದೆ ಕನಣ್ಣ, ಪಿಕಪ್ ಎಲ್ಲಿಂದ ಬತ್ತದೆ?' ಇದು ಕನ್ನಡ ಅಲ್ಲವಾ? ಕ್ಲಚ್ಚಿಗೆ ಸಂಸ್ಕೃತದ ಪದ ಹುಡುಕ್ತಾ ಕೂತರೆ ಬೈಕು ತುಕ್ಕು ಹಿಡಿಯುತ್ತೆ ಅಷ್ಟೇ. 'ಕನ್ನಡದಲ್ಲಿ ವಿಡಿಯೋ ಇದೆಯಲ್ಲ' ಅನ್ನೋರೂ ಇದ್ದಾರೆ. ಇದೆ, ಸಂತೋಷ. ಆದರೆ ಕೈಯೆಲ್ಲ ಗ್ರೀಸ್ ಮೆತ್ತಿರುವಾಗ ಹನ್ನೊಂದನೇ ನಿಮಿಷದಲ್ಲಿ ಹೇಳಿದ ಅಳತೆ ಹುಡುಕೋಕಾಗುತ್ತಾ? ಬರೆದದ್ದಾದರೆ ಕಣ್ಣಾಡಿಸಿದರೆ ಸಿಗುತ್ತೆ.

ಬರೆಯದಿದ್ದರೆ ಏನು ಕಳಕೊಳ್ಳುತ್ತೀವಿ ಅನ್ನೋದಕ್ಕೆ ಮೈಸೂರು ಸಾಕ್ಷಿ. ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಅಲ್ಲಿ ಬೈಕು ಮಾಡಿತು, ಜಾವಾ ಆಮೇಲೆ ಯೆಜ್ದಿ ಆಯ್ತು, 1996ರಲ್ಲಿ ಬಾಗಿಲು ಮುಚ್ಚಿತು. ಕಿಕ್ಕರ್ರೇ ಗೇರ್ ಲಿವರ್ ಆಗೋ ಆ ಬೈಕುಗಳು ಇವತ್ತಿಗೂ ಓಡ್ತಿದ್ದರೆ ಅದಕ್ಕೆ ಕಾರಣ ಮೆಕ್ಯಾನಿಕ್ಕುಗಳು, ಮತ್ತೆ ಗುಟ್ಟು ಮಾಡದೆ ಒಬ್ಬರಿಗೊಬ್ಬರು ಹೇಳಿಕೊಟ್ಟ ಮಾಲೀಕರು. ಆ ವಿದ್ಯೆ ಹೆಚ್ಚಾಗಿ ಕನ್ನಡದ ಬಾಯಲ್ಲೇ ಉಳಿದಿದೆ, ಕಾಗದಕ್ಕೆ ಇಳಿದಿದ್ದು ಕಡಿಮೆ. ಅದನ್ನು ಬಲ್ಲವರಿಗೆ ಈಗ ವಯಸ್ಸಾಗಿದೆ. ಅವರ ಜೊತೆಗೇ ಹೋಗಿಬಿಟ್ಟರೆ ಆಮೇಲೆ ಯಾರನ್ನ ಕೇಳ್ತೀರಿ?

ಆದ್ದರಿಂದ ಬರೆಯೋ ಗೆಳೆಯರೇ, ಕವನ ಬರೀರಿ, ಪ್ರವಾಸ ಕಥನ ಬರೀರಿ, ಬೇಡ ಅನ್ನಲ್ಲ. ತಿಂಗಳಿಗೊಂದು ಸಲ ನಿಮ್ಮ ಬೈಕಿನ ರಿಪೇರಿ ಬಗ್ಗೆಯೂ ಬರೀರಿ. ಯಾವ ನಟ್ಟಿಗೆ ಯಾವ ಸ್ಪ್ಯಾನರ್, ಎಷ್ಟು ಎಣ್ಣೆ, ಎಷ್ಟು ಕಿಲೋಮೀಟರಿಗೆ ಏನು ಸವೆಯಿತು - ಇಷ್ಟೇ ಸಾಕು. ನಾನಂತೂ ಮುಂದಿನ ವಾರದಿಂದ ಶುರು ಹಚ್ಕೊಳ್ತೀನಿ, ಮೊದಲು ಏರ್ ಫಿಲ್ಟರ್.

ನೀವೇನಂತೀರಿ? ಜಗಳ ಇದ್ದರೆ ಕೆಳಗೆ ಬರೀರಿ, ಮದ್ದೂರು ವಡೆ ತಿನ್ನುತ್ತಾ ಬಗೆಹರಿಸೋಣ :-)