ಹದಿನಾಲ್ಕು ಮಹಡಿ, ನಲವತ್ತಡಿ ರಸ್ತೆ

ಈ ಸಲ ಕವಿತೆ ಇಲ್ಲ, ಸಿನಿಮಾ ಇಲ್ಲ, ಒಂದು ಜಗಳ ಇದೆ.

ಬನಶಂಕರಿ ಕಡೆಯ ನಮ್ಮ ಬಡಾವಣೆಯಲ್ಲಿ ಒಂದು ಹಳೇ ಅಗರಬತ್ತಿ ಕಾರ್ಖಾನೆ ಇತ್ತು. ಮುಚ್ಚಿ ಎಷ್ಟೋ ವರ್ಷವಾಯಿತು. ಎರಡೂವರೆ ಎಕರೆ ಜಾಗ. ಈಗ ಅಲ್ಲಿ ಹದಿನಾಲ್ಕು ಮಹಡಿ, 200 ಫ್ಲಾಟು ಬರುತ್ತಂತೆ. ಫ್ಲಾಟಿನ ಲೆಕ್ಕ ಗೊತ್ತಾಗಿದ್ದು ವಾಟ್ಸಾಪಿನಲ್ಲಿ ಓಡಾಡುತ್ತಿರುವ ಬ್ರೋಷರಿನಿಂದ. ಜಾಗದ ಬಳಕೆಯನ್ನು ಕೈಗಾರಿಕೆಯಿಂದ ವಸತಿಗೆ ಬದಲಾಯಿಸುತ್ತಾರೆ ಅನ್ನೋದು ಗೊತ್ತಾಗಿದ್ದು ಪೇಪರಿನ ಒಳಪುಟದಲ್ಲಿ ಬಂದ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದ ಪ್ರಕಟಣೆಯಿಂದ. ಬಿಲ್ಡರ್ ಹೆಸರು ಬರೆಯೋದಿಲ್ಲ. ಅವರಲ್ಲದಿದ್ದರೆ ಇನ್ನೊಬ್ಬರು ಬರುತ್ತಿದ್ದರು.

ಮೊದಲು ರಸ್ತೆ ವಿಷಯ. ಬೆಂಗಳೂರಿನಲ್ಲಿ ಎಲ್ಲಿ ಎಷ್ಟು ಕಟ್ಟಬಹುದು ಅನ್ನೋದಕ್ಕೆ ಸೈಟಿನ ವಿಸ್ತೀರ್ಣದ ಜೊತೆ ಮುಂದಿನ ರಸ್ತೆಯ ಅಗಲವನ್ನೂ ನೋಡುತ್ತಾರೆ. ನಮ್ಮದು ನಲವತ್ತಡಿ ರಸ್ತೆ, ಕಾಗದದಲ್ಲಿ. ಆ ನಲವತ್ತರಲ್ಲೇ ಚರಂಡಿ ಬಂತು, ಫುಟ್‌ಪಾತ್ ಬಂತು, ಹೊಂಗೆಮರ ಬಂತು, ಟ್ರಾನ್ಸ್‌ಫಾರ್ಮರ್ ಬಂತು. ಉಳಿದದ್ದರಲ್ಲಿ ಎರಡೂ ಕಡೆ ಕಾರು ನಿಲ್ಲುತ್ತವೆ. ಬೆಳಗ್ಗೆ ಕಸದ ಆಟೋ ಬಂದರೆ ಎದುರಿನ ಸ್ಕೂಟರಿನವನು ಯಾರದೋ ಗೇಟಿಗೆ ಒರಗಿ ನಿಲ್ಲಬೇಕು. ಈ ರಸ್ತೆಯಲ್ಲಿ ಈಗಿರುವುದು 62 ಮನೆ. ಅದಕ್ಕೆ 200 ಸೇರಿಸುತ್ತಾರಂತೆ. "ನಮ್ಮ ಜಾಗದ ಮುಂದೆ ಹತ್ತಡಿ ಬಿಟ್ಟುಕೊಡ್ತೀವಿ" ಅಂತ ಬಿಲ್ಡರ್ ಕಡೆಯವರು ಹೇಳುತ್ತಿದ್ದಾರೆ. ಹೂಜಿಯ ಹೊಟ್ಟೆ ದೊಡ್ಡದು ಮಾಡಿದರೆ ಕತ್ತು ಅಗಲವಾಗುತ್ತಾ ಸ್ವಾಮೀ?

ಇನ್ನು ನೀರು. ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನೋದು ಇಂಜಿನಿಯರುಗಳು ಲೆಕ್ಕ ಹಾಕುವಾಗ ಹಿಡಿಯುವ ಅಳತೆ. ಮನೆಗೆ ನಾಲ್ಕು ಜನ ಅಂದುಕೊಳ್ಳಿ. 200 ಮನೆಗೆ ದಿನಕ್ಕೆ 1,08,000 ಲೀಟರ್. ಕಾವೇರಿ ನೀರು ಬರದ ದಿನ ಅದು 6,000 ಲೀಟರಿನ 18 ಟ್ಯಾಂಕರ್ ಆಗುತ್ತದೆ. ಬಂದು ಹೋಗುವುದು ಸೇರಿದರೆ ಅದೇ ರಸ್ತೆಯಲ್ಲಿ 36 ಓಡಾಟ! ಬೋರ್‌ವೆಲ್ ಕೊರೆಸುತ್ತಾರೆ ಅಂದರೆ ಅದು ನಮ್ಮೆಲ್ಲರ ಬೋರ್‌ವೆಲ್ಲಿನ ನೀರೇ ತಾನೇ? 2024ರ ಬೇಸಿಗೆಯಲ್ಲಿ ಟ್ಯಾಂಕರಿನವರು ಬಾಯಿಗೆ ಬಂದ ದರ ಹೇಳಿ, ಕೊನೆಗೆ ಜಿಲ್ಲಾಡಳಿತವೇ ದರ ಕಟ್ಟಬೇಕಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು, ನಿಜ. ಆದರೆ ಅದು ಮುಖ್ಯವಾಗಿ ನಗರಕ್ಕೆ ಸೇರಿಕೊಂಡ 110 ಹಳ್ಳಿಗಳಿಗೆ ಅಂತ ತಂದ ನೀರು. ವರ್ಷಗಟ್ಟಲೆ ಕಾದವರ ಬಾಯಿಂದ ಅದನ್ನು ಕಿತ್ತು ನಮ್ಮ ಗೋಪುರಕ್ಕೆ ಏರಿಸಬೇಕಾ? ಒಳಚರಂಡಿ ಬಗ್ಗೆ ಹೆಚ್ಚು ಹೇಳಲ್ಲ. ಜೋರು ಮಳೆ ಬಂದರೆ ಮೂಲೆಯ ಮ್ಯಾನ್‌ಹೋಲ್ ಈಗಲೇ ಉಕ್ಕುತ್ತದೆ.

ನನಗೆ ನಿಜವಾಗಿ ಸಿಟ್ಟು ಬರೋದು ಇನ್ನೊಂದಕ್ಕೆ. ಇಲ್ಲಿ ಇರುವವರನ್ನು ಯಾರು ಕೇಳುತ್ತಾರೆ? ಕೇಂದ್ರದ 2006ರ ಪರಿಸರ ಅಧಿಸೂಚನೆ ಪ್ರಕಾರ 20,000 ಚದರ ಮೀಟರ್ ದಾಟಿದ ಕಟ್ಟಡಕ್ಕೆ ಪರಿಸರ ಅನುಮತಿ ಬೇಕು. ಆದರೆ ಕಟ್ಟಡ ಯೋಜನೆಗಳಿಗೆ ಸಾರ್ವಜನಿಕ ವಿಚಾರಣೆಯಿಂದ ಅದೇ ಅಧಿಸೂಚನೆ ವಿನಾಯಿತಿ ಕೊಟ್ಟಿದೆ. ನಮ್ಮ ರಾಜ್ಯದ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ 50ಕ್ಕಿಂತ ಹೆಚ್ಚು ಮರ ಕಡಿಯುವ ಮುಂಚೆ ಜನರ ಆಕ್ಷೇಪಣೆ ಕರೆಯಬೇಕು. 200 ಮನೆ ಕಟ್ಟೋದಕ್ಕೆ ಪಕ್ಕದ ಮನೆಯವರನ್ನು ಕೇಳಬೇಕಿಲ್ಲ. ನಾವು ಮರವಾಗಿ ಹುಟ್ಟಬೇಕಿತ್ತು :-)

ಕಾರ್ಪೊರೇಟರ್ ಹತ್ತಿರ ಹೋಗೋಣ ಅಂದರೆ, 2015ರಲ್ಲಿ ಆರಿಸಿದ ಕೌನ್ಸಿಲ್ಲಿನ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ಆಮೇಲೆ ಒಂದೂ ಚುನಾವಣೆ ಕಾಣದೆ 2025ರಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ಪಾಲಿಕೆ ಬಂದವು. ನಮಗೆ ಉಳಿದಿರುವುದು ಒಂದೇ ಕಿಂಡಿ. ನಗರ ಯೋಜನಾ ಕಾಯ್ದೆಯ 14-ಎ ಪ್ರಕಾರ ಭೂಬಳಕೆ ಬದಲಾಯಿಸುವ ಮುಂಚೆ ಪತ್ರಿಕೆಯಲ್ಲಿ ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕೇಳಲೇಬೇಕು. ಆ ಇರುವೆ ಸಾಲು ಇದೇ.

"ನಿಮಗೆ ಮನೆ ಆಯ್ತು, ಈಗ ಬಂದವರಿಗೆ ಬೇಡ್ವಾ?" ಅಂತ ಒಬ್ಬ ಗೆಳೆಯ ಕೇಳಿದ. ಒಳ್ಳೆಯ ಪ್ರಶ್ನೆ. ನಾನೂ ಹಾಸನದಿಂದ ಬಂದು ಇಲ್ಲಿ ಬಾಡಿಗೆಗೆ ಇದ್ದವನೇ. ಆ ಜಾಗ ಪಾಳು ಬಿದ್ದಿರಲಿ ಅಂತ ನಾನು ಹೇಳುತ್ತಿಲ್ಲ, ಅಲ್ಲಿ ಮನೆ ಬರಲಿ. ಆದರೆ ಆ ಬ್ರೋಷರಿನಲ್ಲಿ ಮೂರು ಬೆಡ್‌ರೂಮಿಗಿಂತ ಚಿಕ್ಕ ಮನೆಯೇ ಇಲ್ಲ. ನಮ್ಮ ಬೀದಿಗೆ ಹೂ ತರುವ ಅಮ್ಮ, ಇಸ್ತ್ರಿ ಗಾಡಿಯವನು, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ, ಯಾರಿಗೂ ಅದು ಎಟುಕೋದಿಲ್ಲ. ಬಡವರ ಹೆಸರು ಹೇಳಿ ಕೋಟಿಯ ಫ್ಲಾಟು ಮಾರಬೇಡಿ.

"ಸುಮ್ನಿರಿ ಸಾರ್, ಅದು ಬಂದ್ರೆ ನಮ್ಮ ಸೈಟಿಗೂ ರೇಟು ಬರುತ್ತೆ" ಅನ್ನುವವರೂ ನಮ್ಮ ಬೀದಿಯಲ್ಲೇ ಇದ್ದಾರೆ. ಮಾರಿ ಹೋಗುವವರಿಗೆ ರೇಟು, ಇಲ್ಲೇ ಇರುವವರಿಗೆ ಟ್ಯಾಂಕರ್. ಅಷ್ಟೇ ವ್ಯತ್ಯಾಸ.

ನಾವು ಬರೆದಿರುವ ಆಕ್ಷೇಪಣೆಯಲ್ಲಿ ಕೇಳಿರುವುದು ಇಷ್ಟು: ರಸ್ತೆಯನ್ನು ನಮ್ಮೆದುರು ಟೇಪ್ ಹಿಡಿದು ಅಳೆಯಿರಿ, ಬಿಲ್ಡರ್ ಜಾಗದ ಮುಂದೆ ಮಾತ್ರ ಅಲ್ಲ, ಮುಖ್ಯರಸ್ತೆ ಸೇರುವ ತನಕ. ದಿನಕ್ಕೆ ಎಷ್ಟು ಕಾವೇರಿ ನೀರು ಕೊಡಲು ಸಾಧ್ಯ ಅಂತ ಜಲಮಂಡಳಿಯಿಂದ ಬರಹದಲ್ಲಿ ತರಿಸಿ. ಆ ರಸ್ತೆ, ಆ ನೀರು ತಡೆಯುವಷ್ಟೇ ಮನೆಗೆ ಒಪ್ಪಿಗೆ ಕೊಡಿ, ಅದರಲ್ಲಿ ಒಂದಿಷ್ಟು ಚಿಕ್ಕ ಮನೆಗಳಿರಲಿ. ತೀರ್ಮಾನಕ್ಕೆ ಮುಂಚೆ ನಮ್ಮನ್ನು ಕೂರಿಸಿ ಮಾತಾಡಿಸಿ. ಇದರ ಜೊತೆಗೆ ಹತ್ತು ರೂಪಾಯಿ ಕಟ್ಟಿ ಇಡೀ ಕಡತದ ಪ್ರತಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೇವೆ.

ಆಕ್ಷೇಪಣೆ ಸಲ್ಲಿಸಲು ಬರುವ ಸೋಮವಾರ ಕೊನೆ ದಿನ. 62 ಮನೆಯಲ್ಲಿ ಇವತ್ತಿನವರೆಗೆ ಸಹಿ ಹಾಕಿರುವುದು 19. ಉಳಿದವರ ಮನೆಗೆ ಶನಿವಾರ, ಭಾನುವಾರ ಹೋಗುತ್ತೇನೆ. ನಿಮ್ಮ ಬಡಾವಣೆಯಲ್ಲಿ ಯಾರಾದರೂ ಇಂಥ ಆಕ್ಷೇಪಣೆ ಹಾಕಿ ಒಂದು ಮಹಡಿಯನ್ನಾದರೂ ಇಳಿಸಿದ್ದರೆ, ಅರ್ಜಿಯಲ್ಲಿ ಏನು ಬರೆದಿದ್ದಿರಿ ಅಂತ ಕೆಳಗೆ ಕಾಮೆಂಟಿನಲ್ಲಿ ಹೇಳಿ. ಭಾನುವಾರ ರಾತ್ರಿಯೊಳಗೆ ಹೇಳಿದರೆ ಸೇರಿಸಿಕೊಳ್ಳುತ್ತೇನೆ.